ಮಾಟುಂಗದಲ್ಲಿ ಗುರುದತ್: ಸಾವಿಗಿಂತ ಕೆಲಸವನ್ನು ಮುಂದಿಟ್ಟ ಕಲಾ ಉತ್ಸವ

ಹಿಂದಿ ಚಿತ್ರರಂಗದ ನಿರ್ದೇಶಕ, ನಟ ಗುರುದತ್ ಅವರ ನೆನಪಿನಲ್ಲಿ ನಡೆಯುವ ಕಾರ್ಯಕ್ರಮಗಳು ಬಹುಮಟ್ಟಿಗೆ ಅವರ ಸಾವಿನಿಂದಲೇ ಆರಂಭವಾಗುತ್ತವೆ. 1964ರ ಅಕ್ಟೋಬರ್ 10, ಇನ್ನೂ 39ರ ವಯಸ್ಸು, ಪೆಡ್ಡರ್ ರಸ್ತೆಯ ಮನೆ, ಮುರಿದುಬಿದ್ದ ಸಂಸಾರ ಎಂದು ಶುರು ಮಾಡಿ, ನಾಲ್ಕು ದುಃಖದ ಹಾಡುಗಳನ್ನು ಹಾಡಿಸಿ, ಕಾಲವು ಅವರನ್ನು ಬೇಗ ಕಸಿದುಕೊಂಡಿತೆಂದು ನಿಟ್ಟುಸಿರಿಟ್ಟು ಮುಗಿಯುವ ಸಭೆಗಳು ಮುಂಬಯಿಗೆ ಹೊಸತಲ್ಲ. ಮಾಟುಂಗದ ಕನ್ನಡಿಗರು ತಮ್ಮ ನೆರೆಹೊರೆಯ ಕೊಂಕಣಿ ಮತ್ತು ಮರಾಠಿ ಗೆಳೆಯರೊಡನೆ ಸೇರಿ ನಡೆಸಿದ ಈ ವಾರಾಂತ್ಯದ ಕಲಾ ಉತ್ಸವವು ಆ ಹಳೆಯ ದಾರಿಯನ್ನು ಬಿಟ್ಟಿತು. ಗುರುದತ್ ಏನು ಮಾಡಿದರು, ಯಾರೊಡನೆ ಸೇರಿ ಮಾಡಿದರು, ಹೇಗೆ ಮಾಡಿದರು ಎಂಬುದನ್ನು ನೋಡುಗರ ಕಣ್ಣೆದುರಿಗೆ ಇಡುವುದಕ್ಕೆ ಸಂಘಟಕರು ತಮ್ಮ ಹೆಚ್ಚಿನ ಶ್ರಮವನ್ನು ಮೀಸಲಿಟ್ಟಿದ್ದರು. ಕೆಲವು ಕಡೆ ಅವರು ಎಡವಿದ್ದಾರೆ, ಅದನ್ನೂ ಇಲ್ಲಿ ಹೇಳಬೇಕಾಗಿದೆ. ಆದರೆ ಸ್ಥಳೀಯ ಮಟ್ಟದ ಒಂದು ಉತ್ಸವದಲ್ಲಿ ಚಿತ್ರ ನಿರ್ಮಾಣದ ಕಸುಬಿಗೆ ಇಷ್ಟು ಗೌರವ ಸಿಕ್ಕದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಉತ್ಸವಕ್ಕೆ ಮಾಟುಂಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪುಣೆಯ ಪ್ರಭಾತ್ ಚಿತ್ರ ನಿರ್ಮಾಣ ಕಂಪನಿಯೊಡನೆ ಇದ್ದ ಮೂರು ವರ್ಷದ ಕರಾರು ಮುಗಿದ ಮೇಲೆ ಗುರುದತ್ ಅವರು ತಿಂಗಳುಗಟ್ಟಲೆ ಕೆಲಸವಿಲ್ಲದೆ ತಮ್ಮ ಕುಟುಂಬದೊಡನೆ ಇದೇ ಮಾಟುಂಗದಲ್ಲಿದ್ದರು. ಇಂಗ್ಲಿಷಿನಲ್ಲಿ ಸಣ್ಣಕತೆಗಳನ್ನು ಬರೆದದ್ದು, ಹತ್ತು ವರ್ಷಗಳ ನಂತರ ‘ಪ್ಯಾಸಾ’ ಆಗಿ ಬೆಳೆದ ಕತೆಯ ಮೊದಲ ರೂಪವನ್ನು ‘ಕಶ್ಮಕಶ್’ ಎಂಬ ಹೆಸರಿನಲ್ಲಿ ಕಟ್ಟಿದ್ದು ಆ ನಿರುದ್ಯೋಗದ ದಿನಗಳಲ್ಲಿಯೇ. ಪ್ರದರ್ಶನವು ಜನನದಿಂದ ಹೊರಡದೆ ಈ ಖಾಲಿ ತಿಂಗಳುಗಳಿಂದ ಹೊರಡುತ್ತದೆ. ಒಳಗೆ ಕಾಲಿಟ್ಟೊಡನೆ ಕಾಣುವ ಮೊದಲ ಫಲಕದಲ್ಲಿ, ಇಪ್ಪತ್ತರ ಹರೆಯದ ಒಬ್ಬ ತರುಣ ಕೆಲಸ ಹುಡುಕಿಕೊಂಡು ಈ ಬೀದಿಗಳಲ್ಲಿ ಓಡಾಡುತ್ತಿದ್ದನೆಂಬ ವಿವರವಿದೆ. ಊರು ಬಿಟ್ಟು ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದವರ ಮಕ್ಕಳು, ಮೊಮ್ಮಕ್ಕಳೇ ಹೆಚ್ಚಾಗಿರುವ ಈ ಬಡಾವಣೆಯ ಜನರಿಗೆ ಆ ಫಲಕವು ಯಾವ ವಿವರಣೆಯೂ ಇಲ್ಲದೆ ತಟ್ಟಿತು. ಅದರ ಮುಂದೆ ಜನ ಬಹಳ ಹೊತ್ತು ನಿಲ್ಲುತ್ತಿದ್ದರು.

ಅಲ್ಲಿಂದ ಫಲಕಗಳು ಹಿಂದಕ್ಕೆ ಹೋಗುತ್ತವೆ. 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದ ಮಗುವಿಗೆ ಮೊದಲು ಇಟ್ಟ ಹೆಸರು ವಸಂತಕುಮಾರ್. ತಂದೆ ಶಿವಶಂಕರರಾವ್ ಪಡುಕೋಣೆ, ತಾಯಿ ವಾಸಂತಿ. ಕುಂದಾಪುರದ ಕಡೆಯ ಊರಿನ ಹೆಸರನ್ನು ಹೊತ್ತ, ಕೊಂಕಣಿ ಮಾತನಾಡುವ ಸಾರಸ್ವತ ಮನೆತನ ಅದು. ಬಾಲ್ಯ ಕಳೆದದ್ದು ಕಲ್ಕತ್ತೆಯ ಭವಾನಿಪುರದಲ್ಲಿ. ಅಲ್ಲಿ ಸಿನಿಮಾ ಭಿತ್ತಿಚಿತ್ರಗಳನ್ನು ಬರೆಯುತ್ತಿದ್ದ ಸೋದರ ಸಂಬಂಧದ ಮಾವ ಬಿ.ಬಿ. ಬೆನಗಲ್ ಅವರ ಚಿತ್ರವೊಂದನ್ನು ನೋಡಿ ಹುಡುಗ ಹಾವಿನ ನೃತ್ಯವೊಂದನ್ನು ಕಟ್ಟಿದ್ದು, ಅಜ್ಜಿ ಸಂಜೆ ಹಚ್ಚುತ್ತಿದ್ದ ದೀಪದ ಮುಂದೆ ಬೆರಳುಗಳನ್ನು ಆಡಿಸಿ ಗೋಡೆಯ ಮೇಲೆ ನೆರಳಿನ ಆಕಾರಗಳನ್ನು ಮೂಡಿಸುತ್ತಿದ್ದದ್ದು, ಮನೆಯವರು ಹೇಳಿಕೊಂಡು ಬಂದ ಸಂಗತಿಗಳು. ಮುಂದೆ ಅಲ್ಮೋರದಲ್ಲಿ ಉದಯಶಂಕರ್ ಅವರ ಸಂಸ್ಥೆಯಲ್ಲಿ ನೃತ್ಯದ ತರಬೇತಿ, ಯುದ್ಧಕಾಲದ ಮುಗ್ಗಟ್ಟಿನಲ್ಲಿ ಆ ಸಂಸ್ಥೆ 1944ರಲ್ಲಿ ಮುಚ್ಚಿದ ಮೇಲೆ ಪುಣೆ, ಪ್ರಭಾತ್, ದೇವ್ ಆನಂದ್ ಅವರ ಗೆಳೆತನ. ಇಷ್ಟನ್ನೂ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಭಾಷೆಗಳಲ್ಲಿ ಚಿಕ್ಕ ಚಿಕ್ಕ ಟಿಪ್ಪಣಿಗಳಾಗಿ ಬರೆದಿದ್ದಾರೆ. ಕನ್ನಡದ ಟಿಪ್ಪಣಿಗಳು ಬೇರೆ ಭಾಷೆಯಿಂದ ಅವಸರವಾಗಿ ಇಳಿಸಿದವುಗಳಂತಿರದೆ, ಬರೆಯುವುದು ಬಲ್ಲವರು ಕುಳಿತು ಬರೆದವುಗಳಾಗಿದ್ದವು ಎಂಬುದನ್ನು ವಿಶೇಷವಾಗಿ ಹೇಳಬೇಕು.

ಇಲ್ಲಿ ಸಂಘಟಕರು ತೋರಿದ ಒಂದು ಸಂಯಮ ನನಗೆ ಬಹಳ ಹಿಡಿಸಿತು. ಹೊರನಾಡಿನಲ್ಲಿ ಕನ್ನಡದ ಕಾರ್ಯಕ್ರಮ ಮಾಡುವಾಗ ಪ್ರಸಿದ್ಧರಾದವರನ್ನೆಲ್ಲ ‘ನಮ್ಮವರು’ ಎಂದು ಎಳೆದುಕೊಳ್ಳುವ ಆಸೆ ಸಹಜವಾದದ್ದು. ಗುರುದತ್ ಕನ್ನಡದಲ್ಲಿ ಚಿತ್ರ ನಿರ್ದೇಶಿಸಲಿಲ್ಲ. ಅವರ ಮನೆಮಾತು ಕೊಂಕಣಿ, ಬಾಲ್ಯದ ಮಾತು ಬಂಗಾಳಿ, ಚಿತ್ರಗಳ ಮಾತು ಹಿಂದೂಸ್ತಾನಿ. ಫಲಕಗಳು ಇದನ್ನು ಇದ್ದಂತೆಯೇ ಹೇಳಿದವು. ಕನ್ನಡದ ಪಾಲು ಎಲ್ಲಿ ನಿಜವಾಗಿ ಇದೆಯೋ ಅಲ್ಲಿ ಮಾತ್ರ ಅದನ್ನು ಗಟ್ಟಿಯಾಗಿ ಹೇಳಿದವು, ಮತ್ತು ಆ ಪಾಲಿನ ಹೆಸರು ಛಾಯಾಗ್ರಾಹಕ ವಿ.ಕೆ. ಮೂರ್ತಿ.

ಮೂರ್ತಿಯವರಿಗೆ ಮೀಸಲಾದ ಕೋಣೆಯೇ ಉತ್ಸವದ ಜೀವ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, ಪಿಟೀಲು ನುಡಿಸಬಲ್ಲವರಾಗಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದ ಅವರು, 1951ರ ‘ಬಾಜಿ’ಯಲ್ಲಿ ಛಾಯಾಗ್ರಾಹಕ ವಿ. ರಾತ್ರ ಅವರ ಸಹಾಯಕರಾಗಿದ್ದರು. ಅದರ ಚಿತ್ರೀಕರಣದಲ್ಲಿ ಕಷ್ಟದ ಶಾಟ್ ಒಂದನ್ನು ಸೂಚಿಸಿ ತಾವೇ ತೆಗೆದುಕೊಟ್ಟಾಗ, ಮುಂದಿನ ಚಿತ್ರಕ್ಕೆ ನೀವೇ ಛಾಯಾಗ್ರಾಹಕರು ಎಂದು ಗುರುದತ್ ಮಾತು ಕೊಟ್ಟರು. ಆ ಮಾತು 1952ರ ‘ಜಾಲ್’ನಿಂದ ಹಿಡಿದು ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ವರೆಗೂ ನಡೆಯಿತು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರು ಇದೇ ಮೂರ್ತಿಯವರು. 2008ನೆಯ ಸಾಲಿನ ಪ್ರಶಸ್ತಿ ಅದು. ಇವೆಲ್ಲ ಬಲ್ಲವರಿಗೆ ಗೊತ್ತಿರುವ ಸಂಗತಿಗಳು. ಆದರೆ ಈ ಕೋಣೆ ಮಾಹಿತಿಯಲ್ಲಿಯೇ ನಿಲ್ಲದೆ, ಆ ಬೆಳಕನ್ನು ನಮ್ಮ ಮುಂದೆ ಮತ್ತೆ ಕಟ್ಟಿ ತೋರಿಸಿತು.

‘ಕಾಗಜ್ ಕೆ ಫೂಲ್’ನಲ್ಲಿ ಖಾಲಿ ಸ್ಟುಡಿಯೋದ ಕತ್ತಲೆಯೊಳಕ್ಕೆ ಮೇಲಿನಿಂದ ಬೆಳಕಿನ ಒಂದು ದಪ್ಪ ಕಂಬ ಇಳಿದು, ನಾಯಕ ಮತ್ತು ನಾಯಕಿ ಅದರ ಆಚೀಚೆ ನಿಲ್ಲುವ ಹಾಡು ಯಾರಿಗೆ ಗೊತ್ತಿಲ್ಲ! ಬಾಂದ್ರದ ಮೆಹಬೂಬ್ ಸ್ಟುಡಿಯೋದಲ್ಲಿ ಅದನ್ನು ತೆಗೆದದ್ದು ದೀಪಗಳ ಬೆಳಕಿನಲ್ಲಿ ಅಲ್ಲ, ಹೊರಗಿನ ಬಿಸಿಲನ್ನು ಎರಡು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ಚಿತ್ರೋದ್ಯಮದಲ್ಲಿ ಲೈಟಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಇದನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಮಾಡಿಯೇ ತೋರಿಸಿದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟು, ಪಡುವಣ ಬಾಗಿಲ ಹೊರಗೆ ಆಳೆತ್ತರದ ಒಂದು ಕನ್ನಡಿಯನ್ನು, ಒಳಗೆ ಎತ್ತರದ ಏಣಿಯ ಮೇಲೆ ಇನ್ನೊಂದನ್ನು ನಿಲ್ಲಿಸಿ, ಕೆಂಡಕ್ಕೆ ಲೋಬಾನ ಹಾಕಿ ತೆಳುವಾದ ಹೊಗೆ ಎಬ್ಬಿಸಿದರು. ಮೊದಲಿಗೆ ಗೋಡೆಯ ಮೇಲೆ ಒಂದು ಬಿಳಿಯ ಚೌಕ ಅತ್ತಿತ್ತ ಅಲೆದಾಡಿತು. ಮೇಲಿನ ಕನ್ನಡಿಯನ್ನು ಒಂದೆರಡು ಬೆರಳಿನಷ್ಟು ಬಾಗಿಸಿದ ಕ್ಷಣದಲ್ಲಿ ಬೆಳಕು ನೆಟ್ಟಗೆ ನೆಲಕ್ಕೆ ಇಳಿದು ನಿಂತಿತು. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಮಕ್ಕಳು ಎದ್ದು ಅದರೊಳಕ್ಕೆ ಕೈ ಚಾಚಿದರು.

ಅವರು ಕೊಟ್ಟ ವಿವರಣೆ ಅಷ್ಟೇ ಬೆಲೆಬಾಳುವಂಥದ್ದು. ಸ್ಟುಡಿಯೋದ ಆರ್ಕ್ ಲೈಟ್ ಎಷ್ಟೇ ಪ್ರಖರವಾಗಿದ್ದರೂ ಅದರ ಕಿರಣಗಳು ದೂರ ಹೋದಂತೆ ಹರಡಿಕೊಳ್ಳುತ್ತವೆ. ಸೂರ್ಯ ಬಹಳ ದೂರದಲ್ಲಿರುವುದರಿಂದ ಅದರ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ, ಆದ್ದರಿಂದ ಕಂಬದ ಅಂಚು ಮೇಲಿನಿಂದ ಕೆಳಗಿನವರೆಗೆ ಒಂದೇ ಹದದಲ್ಲಿ ಉಳಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಸೂರ್ಯ ನಿಲ್ಲುವುದಿಲ್ಲ. ಪ್ರಾತ್ಯಕ್ಷಿಕೆ ನಡೆಯುತ್ತಿದ್ದಷ್ಟು ಹೊತ್ತೂ ಹೊರಗೆ ಒಬ್ಬ ಹುಡುಗ ಕನ್ನಡಿಯನ್ನು ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದ. ಅವನು ಒಮ್ಮೆ ಮೈಮರೆತಾಗ ಬೆಳಕು ಜಾರಿ ಗೋಡೆಗೆ ಹೋಯಿತು. ತೆರೆಯ ಮೇಲೆ ನಾವು ಕವಿತೆಯೆಂದು ನೋಡುವ ಒಂದು ಶಾಟಿನ ಹಿಂದೆ ಹೆಸರಿಲ್ಲದ ಎಷ್ಟು ಕೈಗಳು ಬಿಸಿಲಲ್ಲಿ ನಿಂತಿರುತ್ತವೆ ಎಂಬುದನ್ನು ಯಾವ ಉಪನ್ಯಾಸವೂ ಇಷ್ಟು ಚೆನ್ನಾಗಿ ಹೇಳಲಾರದು. ಈ ಪ್ರಾತ್ಯಕ್ಷಿಕೆಯನ್ನು ಮೋಡವಿಲ್ಲದ ದಿನ ಮಾತ್ರ ಮಾಡಲು ಸಾಧ್ಯ. ಉತ್ಸವವನ್ನು ಜುಲೈ ತಿಂಗಳ ಹುಟ್ಟುಹಬ್ಬಕ್ಕೆ ಇಟ್ಟುಕೊಳ್ಳದೆ ಮಳೆಗಾಲ ಕಳೆದ ಮೇಲೆ ಇಟ್ಟುಕೊಂಡದ್ದು ಈ ಕಾರಣಕ್ಕೇ ಆಗಿದ್ದರೆ ಅದು ಒಳ್ಳೆಯ ನಿರ್ಧಾರ.

ತಾಯಿ ವಾಸಂತಿ ಪಡುಕೋಣೆಯವರು ಮಗನ ಕುರಿತು ಕನ್ನಡದಲ್ಲಿ ಬರೆದ ಪುಸ್ತಕದ ಭಾಗಗಳನ್ನು ಸಂಜೆ ಓದಲಾಯಿತು. ತೀರ ಎಳೆಯ ವಯಸ್ಸಿನಲ್ಲಿ ತಾಯಿಯಾಗಿ, ಶಾಲೆಯಲ್ಲಿ ಪಾಠ ಹೇಳಿ, ಮನೆಪಾಠ ಮಾಡಿ ಸಂಸಾರಕ್ಕೆ ಹೆಗಲು ಕೊಟ್ಟು, ಕತೆಗಳನ್ನು ಬರೆದು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಈ ಹೆಣ್ಣುಮಗಳನ್ನು ‘ಗುರುದತ್ ತಾಯಿ’ ಎಂಬ ಒಂದೇ ಗುರುತಿನಲ್ಲಿ ಮುಚ್ಚಿಡುವುದು ನಮ್ಮ ಸಾಹಿತ್ಯದ ಮಟ್ಟಿಗೂ ಅನ್ಯಾಯ. ಓದಿದ ಇಬ್ಬರು ಮಹಿಳೆಯರು ಅಭಿನಯಕ್ಕೆ ಹೋಗದೆ, ಧ್ವನಿ ಏರಿಸದೆ, ಮನೆಯ ಪಡಸಾಲೆಯಲ್ಲಿ ಕುಳಿತು ಕಾಗದ ಓದಿದಂತೆ ಓದಿದರು. ಆದರೆ ಇದಕ್ಕೆ ಕೊಟ್ಟದ್ದು ಅರ್ಧ ಗಂಟೆ ಮಾತ್ರ, ಅದರಲ್ಲಿಯೂ ಅತಿಥಿಗಳ ಸನ್ಮಾನ ಒಂದಿಷ್ಟನ್ನು ನುಂಗಿತು. ಕನ್ನಡಿಗರು ನಡೆಸುವ ಉತ್ಸವದಲ್ಲಿ ಕನ್ನಡದ್ದೇ ಆದ ಈ ಪಠ್ಯಕ್ಕೆ ಒಂದು ಇಡೀ ಸಂಜೆ ಸಲ್ಲಬೇಕಿತ್ತು. ಗುರುದತ್ ಅವರ ತಂಗಿ ಲಲಿತಾ ಲಾಜ್ಮಿಯವರ ವಿಷಯದಲ್ಲಿಯೂ ಇದೇ ಮಾತು. 2023ರಲ್ಲಿ ತೀರಿಕೊಂಡ ಅವರು ತಮ್ಮಷ್ಟಕ್ಕೆ ತಾವೇ ಗಣ್ಯ ಚಿತ್ರ ಕಲಾವಿದೆ. ಅವರಿಗೆ ಸಿಕ್ಕದ್ದು ಒಂದು ಮೂಲೆಯ ಒಂದೇ ಫಲಕ.

ಇನ್ನು ಚಿತ್ರಗಳು. ದುರಂತದ ಚಿತ್ರಗಳನ್ನಷ್ಟೇ ಆರಿಸದೆ, ಬೆಳಗಿನ ಹೊತ್ತಿಗೆ ‘ಆರ್ ಪಾರ್’ ಮತ್ತು ‘ಮಿಸ್ಟರ್ ಅಂಡ್ ಮಿಸೆಸ್ 55’ ಇಟ್ಟದ್ದು ಸರಿಯಾದ ಆಯ್ಕೆ. ಹಾಡು ಬರುತ್ತದೆಂದು ಸಾರುವ ವಾದ್ಯಗೋಷ್ಠಿಯ ಪೀಠಿಕೆಯಿಲ್ಲದೆ ಪಾತ್ರದ ಮಾತೇ ಹಾಡಾಗಿ ಹೊರಳುವ ಜಾಣ್ಮೆ, ಮುಂಬಯಿಯ ಗ್ಯಾರೇಜು, ಕಚೇರಿ, ಬೀದಿಗಳ ಮಾತುಗಾರಿಕೆ, ಒಂದು ಕಾಲದಲ್ಲಿ ಮುಂಬಯಿಯ ನಗರ ಸಾರಿಗೆ ‘ಬೆಸ್ಟ್’ನ ಬಸ್ ಕಂಡಕ್ಟರ್ ಆಗಿದ್ದ ಹಾಸ್ಯನಟ ಜಾನಿ ವಾಕರ್ ಅವರ ನಗು, ಇವೆಲ್ಲ ಆ ಚಿತ್ರಗಳಲ್ಲಿ ಇಂದಿಗೂ ತಾಜಾ ಆಗಿವೆ. ‘ಮಿಸ್ಟರ್ ಅಂಡ್ ಮಿಸೆಸ್ 55’ರ ನಾಯಕ ವ್ಯಂಗ್ಯಚಿತ್ರಕಾರ, ಅವನ ಹೆಸರಿನಲ್ಲಿ ತೆರೆಯ ಮೇಲೆ ಮೂಡುವ ವ್ಯಂಗ್ಯಚಿತ್ರಗಳು ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರವು ಎಂದು ನಿರೂಪಕರು ಹೇಳಿದಾಗ ಸಭೆಯಲ್ಲಿ ಸಂತೋಷದ ಗುಜುಗುಜು ಎದ್ದಿತು. ಅದೇ ನಿರೂಪಕರು ಚಿತ್ರದ ದೋಷವನ್ನೂ ಮುಚ್ಚಿಡಲಿಲ್ಲ. ಹಿಂದೂ ವಿವಾಹ ಕಾಯಿದೆ ಬಂದ 1955ರಲ್ಲಿಯೇ ತೆರೆಕಂಡ ಈ ಚಿತ್ರ, ಹೆಣ್ಣಿನ ವಿಚ್ಛೇದನದ ಹಕ್ಕಿಗಾಗಿ ವಾದಿಸುವ, ನಾಯಕಿಯ ಸೋದರತ್ತೆಯನ್ನು ಗೇಲಿಯ ಪಾತ್ರವಾಗಿಸಿ, ಗಂಡನ ಮನೆಯ ಸುಖದ ಪಾಠ ಹೇಳಿ ಮುಗಿಯುತ್ತದೆ. ಕಲಾವಿದನನ್ನು ಮೆಚ್ಚುವ ಸಭೆಯಲ್ಲಿ ಇದನ್ನು ಹೇಳುವ ಧೈರ್ಯ ಮಾಡಿದವರಿಗೆ ನನ್ನ ಗೌರವ ಸಲ್ಲುತ್ತದೆ.

‘ಪ್ಯಾಸಾ’ದ ಪ್ರದರ್ಶನದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. 1957ರ ಈ ಚಿತ್ರದ ಕೊನೆಯ ಭಾಗದಲ್ಲಿ ಸತ್ತನೆಂದು ಜಗತ್ತು ನಂಬಿದ ಕವಿಯ ಸ್ಮರಣಾರ್ಥ ತುಂಬಿದ ಸಭೆ ನಡೆಯುತ್ತಿರುತ್ತದೆ, ಬದುಕಿದ್ದಾಗ ಅವನನ್ನು ಹೊರಗಟ್ಟಿದವರೇ ವೇದಿಕೆಯಲ್ಲಿ ಕುಳಿತಿರುತ್ತಾರೆ, ಅಷ್ಟರಲ್ಲಿ ಬಾಗಿಲಲ್ಲಿ, ಹಿಂದಿನಿಂದ ಬರುವ ಬೆಳಕಿನಲ್ಲಿ, ತೋಳು ಚಾಚಿ ಅವನೇ ನಿಂತಿರುತ್ತಾನೆ. ಅಗಲಿದ ಕಲಾವಿದರೊಬ್ಬರ ಸ್ಮರಣೆಗೆಂದೇ ಸೇರಿದ ಜನರು ಈ ದೃಶ್ಯವನ್ನು ನೋಡುವುದೆಂದರೆ ತಮ್ಮನ್ನು ತಾವೇ ಪ್ರಶ್ನಿಸಿಕೊಂಡಂತೆ. ಚಿತ್ರ ಮುಗಿದ ಮೇಲೆ ಭಾಷಣವಿಲ್ಲದೆ, ವಂದನಾರ್ಪಣೆಯೂ ಇಲ್ಲದೆ ದೀಪ ಹಾಕಿ ಜನರನ್ನು ಅವರ ಪಾಡಿಗೆ ಬಿಟ್ಟದ್ದು ಬಹಳ ಯೋಗ್ಯವಾದ ನಡೆ.

ನನ್ನ ಮುಖ್ಯ ಆಕ್ಷೇಪಣೆ ಇರುವುದು ‘ಕಾಗಜ್ ಕೆ ಫೂಲ್’ ಪ್ರದರ್ಶನದ ಬಗ್ಗೆ. 1959ರ ಈ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ತೆಗೆಯುವಾಗ ವಿಶೇಷ ಲೆನ್ಸ್ ಒಂದು ದೃಶ್ಯದ ಅಗಲವನ್ನು ಅರ್ಧಕ್ಕೆ ಒತ್ತಿ ಫಿಲ್ಮಿನೊಳಗೆ ಕೂರಿಸುತ್ತದೆ, ತೋರಿಸುವಾಗ ಅದನ್ನು ಮತ್ತೆ ಹಿಗ್ಗಿಸಬೇಕು. ಆಗ ಎತ್ತರದ ಎರಡೂಕಾಲು ಪಟ್ಟಿಗೂ ಮಿಗಿಲಾದ ಅಗಲದ ಚಿತ್ರ ತೆರೆಯ ಮೇಲೆ ಬರುತ್ತದೆ. ಇಲ್ಲಿ ಮೊದಲ ಕೆಲವು ನಿಮಿಷ ಪಾತ್ರಗಳೆಲ್ಲ ಸಣಕಲಾಗಿ ಉದ್ದಕ್ಕೆ ಎಳೆದಂತೆ ಕಂಡವು. ಸಭೆಯಿಂದ ಕೂಗು ಬಂದ ಮೇಲೆ ಸರಿಪಡಿಸಿದರು ಎಂದುಕೊಳ್ಳುವಷ್ಟರಲ್ಲಿ ಎಡಬಲದ ಅಂಚುಗಳೇ ಕತ್ತರಿಸಿಹೋದವು, ಮತ್ತು ಕೊನೆಯವರೆಗೂ ಹಾಗೆಯೇ ನಡೆಯಿತು. ಈ ಚಿತ್ರದ ಅರ್ಥ ಇರುವುದೇ ಆ ಅಗಲದಲ್ಲಿ. ದೊಡ್ಡ ಸ್ಟುಡಿಯೋದ ಒಂದು ತುದಿಯಲ್ಲಿ ಒಬ್ಬ ಮನುಷ್ಯ, ಇನ್ನೊಂದು ತುದಿಯಲ್ಲಿ ಒಬ್ಬ ಹೆಣ್ಣು, ನಡುವೆ ತುಂಬಲಾಗದ ಬರಿದು ಎಂದು ಮೂರ್ತಿಯವರು ಕಟ್ಟಿದ ಚೌಕಟ್ಟಿನಲ್ಲಿ ಎರಡೂ ತುದಿಗಳನ್ನು ಕತ್ತರಿಸಿದರೆ ಉಳಿಯುವುದು ಕತೆಯ ಸಾರಾಂಶ ಮಾತ್ರ. ಪಕ್ಕದ ಕೋಣೆಯಲ್ಲಿ ಕನ್ನಡಿ ಹಿಡಿದು ಅಷ್ಟು ನಿಷ್ಠೆಯಿಂದ ಬೆಳಕಿನ ಪಾಠ ಹೇಳಿಕೊಟ್ಟ ಉತ್ಸವವೇ ಇಲ್ಲಿ ಅಲಕ್ಷ್ಯ ತೋರಿದ್ದು ನನಗೆ ನಿಜವಾಗಿ ನೋವು ತಂದಿತು. ಪ್ರದರ್ಶನಕ್ಕೆ ಮೊದಲು ಹತ್ತು ನಿಮಿಷ ಪರೀಕ್ಷಿಸಿ ನೋಡಿದ್ದರೆ ಸಾಕಿತ್ತು.

ಇನ್ನೊಂದು ತಿದ್ದಬೇಕಾದ ಸಂಗತಿ ಚಿತ್ರಗಳ ಪಟ್ಟಿಯ ಫಲಕದಲ್ಲಿದೆ. ಅಲ್ಲಿ 1960ರ ‘ಚೌದ್ವೀ ಕಾ ಚಾಂದ್’ ಮತ್ತು 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಎರಡನ್ನೂ ಗುರುದತ್ ನಿರ್ದೇಶನದ ಚಿತ್ರಗಳೆಂದು ಬರೆಯಲಾಗಿತ್ತು. ‘ಕಾಗಜ್ ಕೆ ಫೂಲ್’ ಸೋತ ಮೇಲೆ ಅವರು ನಿರ್ದೇಶಕರಾಗಿ ತಮ್ಮ ಹೆಸರನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಮೊದಲನೆಯದರ ನಿರ್ದೇಶಕರು ಎಂ. ಸಾದಿಕ್, ಎರಡನೆಯದರ ನಿರ್ದೇಶಕರು ಅಬ್ರಾರ್ ಅಲ್ವಿ; ಆ ಚಿತ್ರಕ್ಕಾಗಿ ಅಲ್ವಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂದಿದೆ. ಹಾಡುಗಳ ಚಿತ್ರಣದಲ್ಲಿ ಗುರುದತ್ ಅವರ ಕೈ ಎದ್ದು ಕಾಣುತ್ತದೆ ಎಂದು ವಾದಿಸುವವರು ವಾದಿಸಲಿ, ಅದು ಚರ್ಚೆಯ ವಿಷಯ. ಆದರೆ ‘ಆರ್ ಪಾರ್’ನಿಂದ ಹಿಡಿದು ಗುರುದತ್ ಅವರ ಹಲವು ಚಿತ್ರಗಳ ಮಾತುಗಳನ್ನು ಬರೆದು, ಅವರ ಬಳಗದ ಆಧಾರವಾಗಿದ್ದ ಅಲ್ವಿಯವರ ಹೆಸರನ್ನು ಫಲಕದಿಂದ ಬಿಡುವುದು ಮೂರ್ತಿಯವರಿಗೆ ಅಷ್ಟು ದೊಡ್ಡ ಕೋಣೆ ಕೊಟ್ಟವರಿಗೆ ಒಪ್ಪುವ ಕೆಲಸವಲ್ಲ. ಈ ವಿಷಯವನ್ನು ಸ್ವಯಂಸೇವಕರೊಬ್ಬರ ಗಮನಕ್ಕೆ ತಂದಾಗ ಅವರು ಬೇಸರಿಸದೆ ಬರೆದುಕೊಂಡರು. ಮರುದಿನ ಫಲಕದ ಮೇಲೆ ತಿದ್ದುಪಡಿಯ ಚೀಟಿ ಅಂಟಿಸಿದ್ದರು ಎಂದು ಕೇಳಿ ಸಮಾಧಾನವಾಯಿತು.

ವಿಚಾರಗೋಷ್ಠಿಯ ಮೊದಲ ಭಾಗ ಸೊಗಸಾಗಿತ್ತು, ಕೊನೆಯ ಭಾಗ ಖಾಸಗಿ ಬದುಕಿನ ಗಾಳಿಮಾತುಗಳಿಗೆ ಜಾರಿತು. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಗುರುದತ್ ಅವರ ಪತ್ನಿ, ಗಾಯಕಿ ಗೀತಾ ದತ್ ಅವರ ಹಾಡುಗಳ ಕಾರ್ಯಕ್ರಮ ಆ ಕೊರತೆಯನ್ನು ತುಂಬಿತು. ಮದುವೆಗೆ ಮೊದಲು ಗೀತಾ ರಾಯ್ ಆಗಿ ‘ಬಾಜಿ’ಗೆ ಹಾಡಿದ ಚುರುಕಿನ ಹಾಡಿನಿಂದ ತೊಡಗಿ, ಅವರ ಧ್ವನಿ ಎಷ್ಟು ಬಗೆಯ ಹೆಣ್ಣುಗಳಿಗೆ ಬಾಯಾಯಿತು ಎಂಬುದನ್ನು ಗಾಯಕಿ ಹಾಡುಗಳ ಕ್ರಮದಿಂದಲೇ ತೋರಿಸಿಕೊಟ್ಟರು. ಹಾರ್ಮೋನಿಯಂ, ತಬಲ, ಒಂದು ಪಿಟೀಲು ಮಾತ್ರ ಇದ್ದದ್ದರಿಂದ ಮಾತುಗಳು ಸ್ಪಷ್ಟವಾಗಿ ಕೇಳಿದವು. ಅಲ್ಮೋರದ ದಿನಗಳನ್ನು ನೆನೆದು ತರುಣಿಯರು ಮಾಡಿದ ನೆರಳಿನ ನೃತ್ಯವೂ ಚೆನ್ನಾಗಿತ್ತು.

ವ್ಯವಸ್ಥೆಯ ಬಗ್ಗೆ ಕೆಲವು ಮಾತು. ಪ್ರವೇಶ ಉಚಿತವಾಗಿತ್ತು, ಚಿತ್ರಗಳಿಗೆ ಮಾತ್ರ ಮೊದಲೇ ಹೆಸರು ಬರೆಸಬೇಕಿತ್ತು. ಪ್ರದರ್ಶನ ಇದ್ದದ್ದು ಮೊದಲ ಮಹಡಿಯಲ್ಲಿ, ಲಿಫ್ಟ್ ಇರಲಿಲ್ಲ. ಗುರುದತ್ ಅವರ ಚಿತ್ರಗಳನ್ನು ಮೊದಲ ಬಿಡುಗಡೆಯಲ್ಲಿ ನೋಡಿದ ತಲೆಮಾರಿಗೆ ಆ ಮೆಟ್ಟಿಲುಗಳು ಕಷ್ಟ. ಕೆಲವು ಹಿರಿಯರು ಕೆಳಗೇ ಕುಳಿತು, ಮಕ್ಕಳು ಮೊಬೈಲಿನಲ್ಲಿ ತೆಗೆದು ತಂದ ಫಲಕಗಳ ಚಿತ್ರಗಳನ್ನು ನೋಡುತ್ತಿದ್ದುದನ್ನು ಕಂಡೆ. ಮುಖ್ಯ ಫಲಕಗಳನ್ನಾದರೂ ನೆಲಮಹಡಿಗೆ ಇಳಿಸಬೇಕಿತ್ತು. ಅಂಗಳದಲ್ಲಿ ಮಹಿಳೆಯರು ನಡೆಸುತ್ತಿದ್ದ ಮಳಿಗೆಯ ಪತ್ರೊಡೆ, ಗೋಳಿಬಜೆ ಬಿಸಿಯಾಗಿದ್ದವು, ರುಚಿಯಾಗಿದ್ದವು.

ಚಿತ್ರಗಳಿಗೆ ಇಂಗ್ಲಿಷ್ ಉಪಶೀರ್ಷಿಕೆ ಇತ್ತು, ಕನ್ನಡದ್ದು ಇರಲಿಲ್ಲ. ‘ಪ್ಯಾಸಾ’ಗೆ ಗೀತೆ ಬರೆದ ಸಾಹಿರ್ ಲುಧಿಯಾನ್ವಿ ಅವರ ಉರ್ದು ಮುಂಬಯಿಯಲ್ಲಿ ಹುಟ್ಟಿ ಬೆಳೆದವರಿಗೂ ಪೂರ್ತಿ ದಕ್ಕುವುದಿಲ್ಲ; ‘ಪ್ಯಾಸಾ’ದ ಹಾಡುಗಳ ಕನ್ನಡ ರೂಪವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೈಗೆ ಕೊಟ್ಟರೂ ದೊಡ್ಡ ಉಪಕಾರವಾಗುತ್ತದೆ, ಈ ನಗರದಲ್ಲಿ ಅದನ್ನು ಮಾಡಬಲ್ಲ ಕನ್ನಡ ಕವಿಗಳಿಗೆ ಬರವಿಲ್ಲ. ಮುಂದಿನ ವರ್ಷವೂ ನಡೆಸುವ ಇಚ್ಛೆಯಿದೆ ಎಂದು ಸಂಘಟಕರು ಸಮಾರೋಪದಲ್ಲಿ ಹೇಳಿದರು. ಹಾಗಾದರೆ ಮೂರ್ತಿಯವರ ಕೋಣೆಯನ್ನು 1964ಕ್ಕೇ ನಿಲ್ಲಿಸದೆ ಮುಂದುವರಿಸಲಿ: ಅವರ ಕೈಕೆಳಗೆ ಪಳಗಿದ ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ ಕಲಿತದ್ದು ಕೂಡ ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ, ಗುರುದತ್ ಅವರ ಬಂಧು ಶ್ಯಾಮ್ ಬೆನಗಲ್ 1988ರಲ್ಲಿ ದೂರದರ್ಶನಕ್ಕೆ ಮಾಡಿಕೊಟ್ಟ 53 ಕಂತುಗಳ ‘ಭಾರತ್ ಏಕ್ ಖೋಜ್’ಗೆ ಕ್ಯಾಮೆರಾ ಹಿಡಿದವರು ಇದೇ ಮೂರ್ತಿ. ಅದರ ಒಂದೆರಡು ಕಂತುಗಳನ್ನು, ಅಂಚು ಕತ್ತರಿಸದ ‘ಕಾಗಜ್ ಕೆ ಫೂಲ್’ ಜೊತೆಗೆ ತೋರಿಸುವುದಾದರೆ ನಾನು ಮೊದಲ ದಿನವೇ ಹೆಸರು ಬರೆಸುತ್ತೇನೆ.